ಒದೆತ ಬರುವ ಮುಂಚೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಎತ್ತರದ ಮರದಲ್ಲಿ ಕಟ್ಟಿದ ಕಾಯಿ, ಕೆಳಗೆ ಸರತಿಯಲ್ಲಿ ನಿಂತ ಗಂಡಸರು, ಹೆಂಗಸರು, ಮೀಸೆ ಮೂಡದ ಹುಡುಗರು. ಒಂದೇ ಕೋವಿ ಕೈಯಿಂದ ಕೈಗೆ ದಾಟುವುದುಂಟು, ತೋಟಾಗಳೂ ಒಂದೇ ಪೆಟ್ಟಿಗೆಯವು. ಒಬ್ಬರು ಈಡು ಹೊಡೆದು, ಏನೂ ಆಗದವರಂತೆ ಖಾಲಿ ತೋಟಾ ತೆಗೆದು ಕೋವಿಯನ್ನು ಮುಂದಿನವರಿಗೆ ಕೊಡುತ್ತಾರೆ. ಮುಂದಿನವರು ಹೊಡೆದ ಮೇಲೆ ಭುಜ ಉಜ್ಜಿಕೊಳ್ಳುತ್ತಾ "ಅಬ್ಬ, ಏನು ಒದೀತದೆ ಇದು" ಅನ್ನುತ್ತಾರೆ. ಇಬ್ಬರದೂ ನಿಜವಾದ ಮಾತೇ. ಕೋವಿ ಬದಲಾಗಿಲ್ಲ, ಮದ್ದು ಬದಲಾಗಿಲ್ಲ, ಚರೆಯ ತೂಕ ಬದಲಾಗಿಲ್ಲ. ಹಾಗಾದರೆ ಒದೆತ ಎಂಬುದು ಇರುವುದೆಲ್ಲಿ? ಕೋವಿಯಲ್ಲೋ, ತೋಟಾದಲ್ಲೋ, ಭುಜದಲ್ಲೋ, ಅಥವಾ ಭುಜದ ಒಡೆಯನ ಮನಸ್ಸಿನಲ್ಲೋ?

ಮನಸ್ಸಿನಲ್ಲಿ ಎಂದು ಒಂದೇ ಮಾತಿಗೆ ಹೇಳಿ ಮುಗಿಸುವವರಿದ್ದಾರೆ. ನನಗೆ ಅದು ಅವಸರದ ಉತ್ತರ ಅನಿಸುತ್ತದೆ. ಮೊದಲು ಕೋವಿಗೆ ಸಲ್ಲಬೇಕಾದದ್ದನ್ನು ಕೋವಿಗೆ ಸಲ್ಲಿಸೋಣ.

ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಮೂರನೆಯ ನಿಯಮವನ್ನು ವಿವರಿಸಲು ಕಲ್ಲನ್ನು ಒತ್ತುವ ಬೆರಳನ್ನೂ ಕಲ್ಲನ್ನು ಎಳೆಯುವ ಕುದುರೆಯನ್ನೂ ತೋರಿಸಿದ್ದ. ಬೆರಳು ಕಲ್ಲನ್ನು ಒತ್ತಿದಷ್ಟೇ ಕಲ್ಲು ಬೆರಳನ್ನು ಒತ್ತುತ್ತದೆ. ಕೋವಿಯಲ್ಲಿ ನಡೆಯುವುದೂ ಇದೇ. ಮುಂದಕ್ಕೆ ಹೊರಟದ್ದೆಲ್ಲ, ಎಂದರೆ ಚರೆ, ಅದರ ಹಿಂದಿನ ಬೆಂಡು, ಉರಿದ ಮದ್ದಿನ ಹೊಗೆ, ಇವೆಲ್ಲದರ ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ ಎಷ್ಟೋ, ಹಿಂದಕ್ಕೆ ಬರುವ ಕೋವಿಯ ಸಂವೇಗವೂ ಅಷ್ಟೇ. ಇದರಲ್ಲಿ ಚೌಕಾಸಿ ಇಲ್ಲ. ಮೂರೂಕಾಲು ಕೆ.ಜಿ.ಗೆ ತುಸು ಕಡಿಮೆ, 3.2 ಕೆ.ಜಿ. ತೂಗುವ ಒಂದು 12 ಬೋರಿನ ಜೋಡಿ ನಳಿಗೆ ಕೋವಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ 28 ಗ್ರಾಂ ಚರೆಯ ತೋಟಾ ಹಾಕಿ, ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಬಿದ್ದರೆ ಕೋವಿ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಭುಜದ ಕಡೆ ಹೊರಡುತ್ತದೆ. ಅದು ಹೊತ್ತು ತರುವ ಶಕ್ತಿ ಸುಮಾರು 27 ಜೂಲ್. ಅದೇ ಕೋವಿ ಸೊಂಟದೆತ್ತರದಿಂದ ಕೆಳಗೆ ಬಿದ್ದರೆ ನೆಲಕ್ಕೆ ತಾಗುವ ಪೆಟ್ಟು ಹೆಚ್ಚುಕಡಿಮೆ ಇಷ್ಟೇ.

ಈಗ ತೋಟಾ ಬದಲಿಸೋಣ. ಹಾರುವ ತಟ್ಟೆಗೆ ಹೊಡೆಯುವ ಒಲಿಂಪಿಕ್ಸಿನ ಟ್ರ್ಯಾಪ್, ಸ್ಕೀಟ್ ಪಂದ್ಯಗಳಲ್ಲಿ ಈಗ ಬಳಸುವುದು 24 ಗ್ರಾಮಿನ ತೋಟಾ. ಹಿಂದೆ 32 ಗ್ರಾಂ ಇತ್ತು, ಆಮೇಲೆ 28ಕ್ಕೆ ಇಳಿಯಿತು, ಈಗ 24. ಅದೇ ಕೋವಿಯಲ್ಲಿ ಅದೇ ವೇಗಕ್ಕೆ ಇದು ಕೊಡುವುದು ಸುಮಾರು 21 ಜೂಲ್. 36 ಗ್ರಾಮಿಗೆ ಏರಿಸಿದರೆ ಸುಮಾರು 43. ಚರೆ ಒಂದೂವರೆ ಪಟ್ಟಾಯಿತು, ಒದೆತದ ಶಕ್ತಿ ಎರಡು ಪಟ್ಟಾಯಿತು. ಈ ಶಕ್ತಿ ಸಂವೇಗದ ವರ್ಗದಂತೆ ಏರುತ್ತದೆ, ಅದಕ್ಕೇ ಹೀಗೆ. ಮೂರು ಇಂಚಿನ ಮ್ಯಾಗ್ನಂ ತೋಟಾದಲ್ಲಿ 53 ಗ್ರಾಂ ಚರೆ ತುಂಬಿದ್ದರೆ, ವೇಗ ಸ್ವಲ್ಪ ಕಡಿಮೆ ಇದ್ದರೂ, ಭುಜಕ್ಕೆ ಬರುವುದು 75 ಜೂಲಿನ ಆಸುಪಾಸು. ಅದೇ ಕೋವಿ ಬಾಗಿಲ ಮೇಲ್ಪಟ್ಟಿಗಿಂತ ಎತ್ತರದಿಂದ ಬಿದ್ದಂತೆ. ಒಂಟಿ ಗುಂಡಿನ ಸ್ಲಗ್ 28 ಗ್ರಾಮೇ ಇದ್ದರೂ ವೇಗ 480 ಮೀಟರಿಗೆ ಏರಿದರೆ ಒದೆತ 36 ಗ್ರಾಂ ಚರೆಯದಕ್ಕೆ ಸಮನಾಗುತ್ತದೆ.

ಇಲ್ಲೊಂದು ನಂಬಿಕೆಯನ್ನು ತಡೆದು ನೋಡಬೇಕು. ನಮ್ಮ ಕಡೆ ಎಲ್‌ಜಿ ತೋಟಾ ಅಂದರೆ ಎಲ್ಲರಿಗೂ ಒಂದು ಭಯ. ದೊಡ್ಡ ಗುಂಡು, ಆದ್ದರಿಂದ ದೊಡ್ಡ ಒದೆತ ಎಂಬ ಲೆಕ್ಕ. ನಾಲ್ಕನೇ ನಂಬರಿನ ಚರೆ ಸಾಧು, ಎಲ್‌ಜಿ ಒರಟು. ಆದರೆ ತೋಟಾದೊಳಗಿನ ಸೀಸದ ಒಟ್ಟು ತೂಕ ಒಂದೇ, ಹೊರಡುವ ವೇಗವೂ ಒಂದೇ ಆದರೆ, ಆ ಸೀಸ ನೂರಾರು ಕಾಳುಗಳಾಗಿದೆಯೋ ಬೆರಳೆಣಿಕೆಯ ಗುಂಡುಗಳಾಗಿದೆಯೋ ಎಂಬುದು ಕೋವಿಗೆ ತಿಳಿಯುವುದೇ ಇಲ್ಲ. ಭುಜಕ್ಕೂ ತಿಳಿಯಬಾರದು. ಆದರೂ ಎಲ್‌ಜಿ ಹಾಕಿ ಹೊಡೆದವರು ಹೆಚ್ಚು ಒದೆಯಿತು ಅನ್ನುತ್ತಾರೆ. ತೋಟಾದ ಮೇಲೆ ಅಚ್ಚಾದ ಎರಡು ಅಕ್ಷರ ಭುಜದವರೆಗೂ ಹೋಗಿ ತಟ್ಟುತ್ತದೆ. ಆ ಗುಂಡು ಏನು ಮಾಡಬಲ್ಲದು ಎಂಬ ಅರಿವೇ ಅದು ತಿರುಗಿ ಮಾಡುವುದರ ಅಳತೆಯಾಗಿಬಿಡುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೆಕ್ಕ ತಪ್ಪಿದರೂ ಅದರ ಬುಡದಲ್ಲಿರುವ ಭಾವ ಗೌರವಕ್ಕೆ ಯೋಗ್ಯವಾದದ್ದು. ದೊಡ್ಡದನ್ನು ಮಾಡಿದವನಿಗೆ ದೊಡ್ಡದು ತಿರುಗಿ ಬರಲೇಬೇಕು ಎಂಬ ನಿರೀಕ್ಷೆ ಅದು.

ನಿಜಕ್ಕೂ ಹಾಗೆ ಬರುತ್ತದೆಯೇ? ಬರುವುದಿಲ್ಲ. ಇಲ್ಲೇ ಈ ಇಡೀ ವಿಷಯ ನನ್ನನ್ನು ಹಿಡಿದು ನಿಲ್ಲಿಸುವುದು. ಸಂವೇಗ ಸಮ ಎಂಬ ನಿಯಮ ಎಷ್ಟು ಖಂಡಿತವೋ, ಶಕ್ತಿ ಸಮವಲ್ಲ ಎಂಬುದೂ ಅಷ್ಟೇ ಖಂಡಿತ. 28 ಗ್ರಾಂ ಚರೆ 400 ಮೀಟರ್ ವೇಗದಲ್ಲಿ ಹೊತ್ತೊಯ್ಯುವುದು 2,200 ಜೂಲಿಗೂ ಹೆಚ್ಚು. ಹೊಡೆದವನಿಗೆ ಬರುವುದು 27. ಎಂಬತ್ತರಲ್ಲೊಂದು ಪಾಲು. ಹಗುರವಾದದ್ದು ಹೆಚ್ಚು ವೇಗ ಪಡೆಯುತ್ತದೆ, ಭಾರವಾದದ್ದು ನಿಧಾನವಾಗಿ ಸರಿಯುತ್ತದೆ, ಒಡೆಯುವ ಬಲವೆಲ್ಲ ವೇಗದ ಕಡೆ ಹೋಗುತ್ತದೆ. ಇಂಗ್ಲೆಂಡಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಒಂದು ಸೂತ್ರ ಹೇಳಿದ್ದ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 28 ಗ್ರಾಮಿಗೆ ಸುಮಾರು 2.7 ಕೆ.ಜಿ., 32 ಗ್ರಾಮಿಗೆ ಮೂರು ಕೆ.ಜಿ.ಗೆ ತುಸು ಮೇಲೆ. ಹೊರಲೂ ಆಗಬೇಕು, ಒದೆತ ತಾಳಲೂ ಆಗಬೇಕು, ಆ ನಡುವಣ ಹದ ಅದು. ಇವತ್ತಿಗೂ ಕೋವಿ ಮಾಡುವವರು ಆ ಅಂಕೆಯನ್ನು ನೆನೆಯುತ್ತಾರೆ. ಕೊಡುವವನು ಉಳಿಯಲು, ಪಡೆಯುವವನು ಉಳಿಯದಿರಲು ಬೇಕಾದ ಅನುಪಾತವನ್ನು ಕಬ್ಬಿಣ ಮತ್ತು ಮರದಲ್ಲಿ ಕಟ್ಟಿದರೆ ಅದಕ್ಕೆ ಕೋವಿ ಎಂದು ಹೆಸರು.

ಆದ್ದರಿಂದ ಭುಜಕ್ಕೆ ತಾಗಿದ್ದನ್ನು ಕೊಟ್ಟದ್ದರ ಅಳತೆ ಎಂದು ತಿಳಿಯುವಂತಿಲ್ಲ. ಅದು ಕೊಟ್ಟದ್ದರ ಒಂದು ಸೂಚನೆ ಮಾತ್ರ. ಬಹಳ ಸಣ್ಣ ಸೂಚನೆ. ಆದರೆ ಹೊಡೆದವನ ಮೈಯನ್ನು ಮುಟ್ಟುವುದು ಅದೊಂದೇ.

ಈ ಸೂಚನೆ ಯಾವಾಗ ಬಂದು ಮುಟ್ಟುತ್ತದೆ ಎಂದು ಹತ್ತಿರದಿಂದ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮದ್ದು ಹೊತ್ತಿಕೊಂಡ ಮೇಲೆ ಚರೆ 70 ಸೆಂ.ಮೀ. ಉದ್ದದ ನಳಿಗೆಯನ್ನು ದಾಟಿ ಹೊರಬರಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಕೋವಿ ಹಿಂದಕ್ಕೆ ಸರಿದಿರುವುದು ಆರೇಳು ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪದಷ್ಟು. ಜಾಕೆಟ್ಟಿನ ಬಟ್ಟೆ, ಅದರ ಕೆಳಗಿನ ಚರ್ಮ ಒತ್ತಿಕೊಳ್ಳುವುದರಲ್ಲೇ ಅಷ್ಟು ದೂರ ಕಳೆದುಹೋಗುತ್ತದೆ. ಭುಜದ ನರದಿಂದ ಸುದ್ದಿ ಮಿದುಳಿಗೆ ಹೋಗಲು ಹದಿನೈದಿಪ್ಪತ್ತು ಮಿಲಿಸೆಕೆಂಡಾದರೂ ಹಿಡಿಯುತ್ತದೆ. ಆ ಹೊತ್ತಿಗೆ ಚರೆ ನಳಿಗೆಯ ತುದಿಯಿಂದ ಆರೇಳು ಮೀಟರ್ ಆಚೆ ಗಾಳಿಯಲ್ಲಿದೆ. ಒದೆತಕ್ಕೆ ಮೈ ಪ್ರತಿಕ್ರಿಯೆ ತೋರಿಸುವಷ್ಟರಲ್ಲಿ 35 ಮೀಟರ್ ದೂರದ ತಟ್ಟೆ ಒಡೆದಿರುತ್ತದೆ, ಅಥವಾ ಒಡೆಯದೆ ಹೋಗಿರುತ್ತದೆ. ಎರಡರಲ್ಲಿ ಯಾವುದು ಎಂಬುದು ಆಗಲೇ ತೀರ್ಮಾನವಾಗಿದೆ.

ಎಂದರೆ, ಅನುಭವಕ್ಕೆ ಬಂದ ಒದೆತ ಆ ಈಡನ್ನು ಕೆಡಿಸಲಾರದು. ಅದು ಯಾವಾಗಲೂ ತಡವಾಗಿಯೇ ಬರುತ್ತದೆ. ಆದರೂ ಒದೆತದಿಂದ ಗುರಿ ತಪ್ಪಿತು ಎಂಬ ಮಾತು ಎಲ್ಲ ಈಡುಗಾರರ ಬಾಯಲ್ಲೂ ಇದೆ, ಅದು ಸುಳ್ಳೂ ಅಲ್ಲ. ತಪ್ಪಿಸಿದ್ದು ಬರಲಿರುವ ಒದೆತ. ಇನ್ನೂ ಹುಟ್ಟದ ಪೆಟ್ಟಿಗೆ ಮೈ ಮುಂಚಿತವಾಗಿಯೇ ಉತ್ತರ ಕೊಟ್ಟುಬಿಡುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಮುಂದಕ್ಕೆ ನುಗ್ಗುತ್ತದೆ, ಎಡಗೈ ನಳಿಗೆಯನ್ನು ಕೆಳಕ್ಕೆ ಜಗ್ಗುತ್ತದೆ, ಬೆರಳು ಟ್ರಿಗರನ್ನು ಒತ್ತುವ ಬದಲು ಕಿತ್ತಂತೆ ಎಳೆಯುತ್ತದೆ. ಸದ್ದಾದ ಮೇಲೆ ಇದೆಲ್ಲ ಒದೆತದ ಗದ್ದಲದಲ್ಲಿ ಮುಚ್ಚಿಹೋಗುವುದರಿಂದ ಮಾಡಿದವನಿಗೇ ತಾನು ಮಾಡಿದ್ದು ಗೊತ್ತಾಗುವುದಿಲ್ಲ.

ಇದನ್ನು ಬಯಲಿಗೆ ತರಲು ತರಬೇತಿ ಕೊಡುವವರು ಒಂದು ಉಪಾಯ ಮಾಡುತ್ತಾರೆ. ಕಲಿಯುವವನಿಗೆ ತಿಳಿಯದಂತೆ ನಿಜ ತೋಟಾಗಳ ನಡುವೆ ಮದ್ದಿಲ್ಲದ ತೋಟಾ ಒಂದನ್ನು ಸೇರಿಸಿ ಕೋವಿ ತುಂಬಿಸಿ ಕೊಡುತ್ತಾರೆ. ಅವನು ಗುರಿ ಹಿಡಿದು ಟ್ರಿಗರ್ ಎಳೆಯುತ್ತಾನೆ. 'ಟಿಕ್' ಎಂದು ಒಂದು ಸಣ್ಣ ಸದ್ದು. ಸ್ಫೋಟವಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಕ್ಕೆ ಹಾರಿ ನಿಲ್ಲುತ್ತದೆ. ಸುತ್ತ ನಿಂತವರೆಲ್ಲ ನೋಡುತ್ತಾರೆ, ಅವನೂ ನೋಡುತ್ತಾನೆ. ಇಲ್ಲದ ಪೆಟ್ಟಿಗೆ ಮೈ ಪಟ್ಟ ಪಾಡು ಅದು, ಬೇರಾರೂ ಮಾಡಿದ್ದಲ್ಲ. ಮನುಷ್ಯ ತನ್ನ ಭಯವನ್ನು ಇಷ್ಟು ಬೆತ್ತಲೆಯಾಗಿ, ಇಷ್ಟು ಸ್ಪಷ್ಟ ಅಳತೆಯಲ್ಲಿ ಕಾಣುವ ಬೇರೆ ಸಂದರ್ಭ ನನಗೆ ತೋಚುವುದಿಲ್ಲ.

ಇದು ಹೊಸಬರ ಕಾಯಿಲೆ ಎಂದುಕೊಳ್ಳುವ ಹಾಗೂ ಇಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಟ್ರ್ಯಾಪ್ ಆಡಿದವರಲ್ಲಿ, ಸಾವಿರಾರು ತೋಟಾ ಸುಟ್ಟವರಲ್ಲಿ ಇದು ಬೇರೆ ರೂಪ ತಾಳುತ್ತದೆ. ತಟ್ಟೆ ಹಾರುತ್ತದೆ, ಕಣ್ಣು ಅದನ್ನು ಹಿಡಿಯುತ್ತದೆ, ನಳಿಗೆ ಸರಿಯಾದ ಜಾಗಕ್ಕೆ ಬರುತ್ತದೆ, ಆದರೆ ಬೆರಳು ಒತ್ತುವುದಿಲ್ಲ. ಒತ್ತು ಎಂದರೂ ಒತ್ತುವುದಿಲ್ಲ. ಅಂಥವರಿಗಾಗಿಯೇ ಒಂದು ಬಗೆಯ ಟ್ರಿಗರ್ ಇದೆ. ಮೊದಲೇ ಅದನ್ನು ಒತ್ತಿ ಹಿಡಿದುಕೊಂಡಿರಬೇಕು, ಬಿಟ್ಟಾಗ ಈಡು ಹಾರುತ್ತದೆ. ಒತ್ತಲು ಒಲ್ಲದ ಬೆರಳು ಬಿಡಲು ಒಪ್ಪುತ್ತದೆ. ಮನಸ್ಸು ಎಷ್ಟೋ ವರ್ಷಗಳ ಹಿಂದೆಯೇ ಒದೆತವನ್ನು ಲೆಕ್ಕಕ್ಕಿಡುವುದನ್ನು ಬಿಟ್ಟಿತ್ತು. ಮೈ ಬಿಟ್ಟಿರಲಿಲ್ಲ, ಒಂದೊಂದನ್ನೂ ಬರೆದಿಟ್ಟುಕೊಂಡಿತ್ತು. ದೊಡ್ಡ ತೋಟಾ ಹೊಡೆಯುವ ಗಂಡಸುತನವನ್ನು ಮೆರೆಸುವವರು ಈ ಸಂಗತಿಯನ್ನು ಒಮ್ಮೆ ಯೋಚಿಸಬೇಕು. ತಾಳಿಕೊಂಡದ್ದೆಲ್ಲ ಜೀರ್ಣವಾಗಿದೆ ಎಂದು ನಂಬುವುದು ತಪ್ಪು.

ಹಾಗೆಂದು ಅನುಭವದ ಒದೆತ ಬರಿಯ ಭಯದ ಸೃಷ್ಟಿ ಎಂದರೆ ಅದೂ ಅನ್ಯಾಯ. ಒಂದೇ 27 ಜೂಲ್ ಹತ್ತು ಬಗೆಯಲ್ಲಿ ಮೈಗೆ ಬರಬಹುದು. ಭುಜಕ್ಕೆ ಊರುವ ಬಟ್ಟಿನ ಉದ್ದ ಅಳತೆಗೆ ಸರಿಯಿಲ್ಲದಿದ್ದರೆ ಅದು ಭುಜದ ಕುಳಿಯಲ್ಲಿ ಕೂರದೆ ತೋಳಿನ ಮೂಳೆಯ ಮೇಲೆ ಕೂರುತ್ತದೆ. ಕೆನ್ನೆ ಇಡುವ ಜಾಗ ಹಿಂದಕ್ಕೆ ಹೆಚ್ಚು ಇಳಿಜಾರಾಗಿದ್ದರೆ ಕೋವಿ ಹಿಂದೆ ಬರುತ್ತಾ ಮೇಲೇಳುತ್ತದೆ, ಪೆಟ್ಟು ದವಡೆಗೆ ಬೀಳುತ್ತದೆ. ಎರಡು ಟ್ರಿಗರಿನ ಹಳೆಯ ಜೋಡಿ ನಳಿಗೆಯಲ್ಲಿ ಸಡಿಲವಾಗಿ ಹಿಡಿದವರಿಗೆ ಟ್ರಿಗರಿನ ಸುತ್ತಣ ಕಬ್ಬಿಣದ ಬಳೆ ಹಿಂದೆ ಬಂದು ನಡುಬೆರಳಿನ ಗೆಣ್ಣಿಗೆ ಹೊಡೆಯುತ್ತದೆ. ಭುಜದ ನೋವು ಸಂಜೆಗೆ ಮರೆತುಹೋದರೂ ಆ ಬೆರಳಿನ ಚರ್ಮ ಕಿತ್ತ ಉರಿ ಊಟದ ಹೊತ್ತಿಗೆ ಸಾರು ತಾಗಿದಾಗ ನೆನಪಾಗುತ್ತದೆ. ಒಂದರ ಮೇಲೊಂದು ನಳಿಗೆಯಿರುವ ಕೋವಿಯಲ್ಲಿ ಮೊದಲು ಕೆಳಗಿನ ನಳಿಗೆಯನ್ನೇ ಹೊಡೆಯುವುದಕ್ಕೂ ಕಾರಣವಿದೆ. ಅದು ಭುಜದ ನೇರಕ್ಕೆ ಹತ್ತಿರ, ಒದೆತ ನೇರ ಹಿಂದಕ್ಕೆ ಬರುತ್ತದೆ, ತುದಿ ಹೆಚ್ಚು ಮೇಲೇಳುವುದಿಲ್ಲ.

ಕಾಲವೂ ಇದರಲ್ಲಿ ಸೇರುತ್ತದೆ. ಹೊಗೆಯ ಬಲದಿಂದ ತಾನೇ ಮರುತುಂಬಿಕೊಳ್ಳುವ ಅರೆಸ್ವಯಂಚಾಲಿತ ಕೋವಿಯಲ್ಲಿ ಸಂವೇಗದ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಅದು ಸ್ವಲ್ಪ ಹೆಚ್ಚು ಹೊತ್ತಿನ ಮೇಲೆ ಹರಡಿ ಬರುತ್ತದೆ, ಪೆಟ್ಟು ಹೋಗಿ ನೂಕು ಆಗುತ್ತದೆ. ಮಲೆನಾಡಿನ ಹಳಬರಿಗೆ ಗೊತ್ತಿದ್ದ ಕೇಪಿನ ಕೋವಿಯಲ್ಲಿ ಕಪ್ಪು ಮದ್ದು. ಅದನ್ನು ಹೊಡೆದವರು ಅದು ತಳ್ಳುತ್ತದೆ, ತೋಟಾ ಕೋವಿ ಒದೆಯುತ್ತದೆ ಎಂದು ಬೇರೆ ಮಾಡಿ ಹೇಳುತ್ತಾರೆ. ಲೆಕ್ಕಕ್ಕೆ ನೋಡಿದರೆ ಕಪ್ಪು ಮದ್ದು ಕಡಿಮೆ ಒದೆಯಬೇಕಾಗಿಲ್ಲ. 12 ಬೋರಿಗೆ ರೂಢಿಯ ಅಳತೆ ಐದು ಗ್ರಾಮಿಗೂ ಹೆಚ್ಚು, ಇಂದಿನ ಹೊಗೆಯಿಲ್ಲದ ಮದ್ದಿನ ಮೂರು ನಾಲ್ಕು ಪಟ್ಟು, ಆ ತೂಕವೂ ಹೊಗೆಯಾಗಿ ಮುಂದಕ್ಕೆ ಹೋಗಿ ಒದೆತಕ್ಕೆ ಸೇರುತ್ತದೆ. ಆದರೂ ಅವರಿಗೆ ಅದು ತಳ್ಳು. ಕಿವಿಯ ಪಾಲೂ ಕಡಿಮೆಯಲ್ಲ. ಕಿವಿಗೆ ಚೆನ್ನಾಗಿ ಮುಚ್ಚಿಗೆ ಹಾಕಿಕೊಂಡು ಹೊಡೆದವರಿಗೆ ಅದೇ ತೋಟಾ ಹಗುರವೆನಿಸುತ್ತದೆ. ಭುಜಕ್ಕೆ ಆದದ್ದರ ತೂಕವನ್ನು ಕಿವಿಯ ಸಾಕ್ಷಿ ಕೇಳಿ ನಿರ್ಧರಿಸುವ ವ್ಯವಸ್ಥೆ ನಮ್ಮ ಒಳಗಿದೆ.

ಇಷ್ಟರಿಂದಲೂ ಒಂದು ಅನುಭವ ವಿವರಣೆಗೆ ಸಿಗುವುದಿಲ್ಲ. ಹಾರುವ ತಟ್ಟೆಯ ಮೇಲೆ ಕಣ್ಣು ನೆಟ್ಟಾಗ ಒದೆತ ಗೊತ್ತೇ ಆಗುವುದಿಲ್ಲ. ಅದೇ ತೋಟಾವನ್ನು ಬೆಂಚಿನ ಮೇಲೆ ಮೊಣಕೈ ಊರಿ, ನಿಂತ ಕಾಗದಕ್ಕೆ ಹೊಡೆದರೆ ಹಲ್ಲು ಅದುರುತ್ತದೆ. ಕೋವಿ ಹಿಡಿದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಕೂತಾಗ ಮೈ ಹಿಂದಕ್ಕೆ ತೂಗಿ ಪೆಟ್ಟನ್ನು ಬಿಟ್ಟುಕೊಡಲಾರದು ಎಂಬುದು ಅರ್ಧ ಕಾರಣ. ಉಳಿದರ್ಧಕ್ಕೆ ನಾನು ಬೇರೆ ಕಡೆ ನೋಡುತ್ತೇನೆ.

2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರು, ಅವರ ಬೆರಳುಗಳ ಮೇಲೆ ಬಲವನ್ನು ಅಳೆಯುವ ಸಣ್ಣ ಸಾಧನ. ಒಬ್ಬ ಇನ್ನೊಬ್ಬನ ಬೆರಳನ್ನು ಒತ್ತಬೇಕು. ಒತ್ತಿಸಿಕೊಂಡವನು ತನಗೆ ಬಂದಷ್ಟೇ ಬಲದಲ್ಲಿ ತಿರುಗಿ ಒತ್ತಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಇನ್ನೊಬ್ಬನಿಗೆ ಯಾವ ಸೂಚನೆ ಕೊಟ್ಟಿದ್ದಾರೆಂಬುದು ಇವನಿಗೆ ಗೊತ್ತಿಲ್ಲ. ಕೆಲವೇ ಸರದಿಗಳಲ್ಲಿ ಬಲ ಏರುತ್ತಾ ಹೋಯಿತು. ಇಬ್ಬರೂ ತಾನು ಬಂದಷ್ಟೇ ಕೊಟ್ಟೆ ಎಂದೇ ತಿಳಿದಿದ್ದರು. ಇಬ್ಬರೂ ಪ್ರಾಮಾಣಿಕರೇ. ತಾನೇ ಮಾಡುವ ಕ್ರಿಯೆಯಿಂದ ಆಗಲಿರುವ ಸ್ಪರ್ಶವನ್ನು ಮಿದುಳು ಮುಂಚೆಯೇ ಊಹಿಸಿ, ಆ ಭಾಗವನ್ನು ಕಳೆದು, ಉಳಿದದ್ದನ್ನು ಮಾತ್ರ ನಮಗೆ ತಿಳಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕೊಟ್ಟದ್ದು ಕೊಟ್ಟವನಿಗೆ ಕಡಿಮೆಯಾಗಿ ಕಾಣುತ್ತದೆ, ಬಂದದ್ದು ಇದ್ದಷ್ಟೂ ಕಾಣುತ್ತದೆ.

ಆ ಪ್ರಯೋಗ ಕೋವಿಯ ಬಗ್ಗೆ ಅಲ್ಲ. ಅದನ್ನು ಓದಿದಾಗ ಕೋವಿ ನೆನಪಾದದ್ದು ನನಗೆ. ತಟ್ಟೆಯನ್ನು ಹಿಂಬಾಲಿಸುವವನಿಗೆ ಈಡು ತನ್ನದೇ ಕ್ರಿಯೆಯ ಕೊನೆಯ ತುದಿ. ಒದೆತವೂ ಆ ಕ್ರಿಯೆಯೊಳಗೇ ಸೇರಿ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಬೆಂಚಿನಲ್ಲಿ ಕೂತು ಒದೆತಕ್ಕೇ ಕಾಯುವವನು ಮಾತ್ರ ಅದನ್ನು ತನ್ನದಲ್ಲದ, ಹೊರಗಿನಿಂದ ಬರುವ ಪೆಟ್ಟಾಗಿ ಮಾಡಿಕೊಂಡಿದ್ದಾನೆ. ತನ್ನದೇ ಕೆಲಸದ ಮರುಬಲವನ್ನು ಯಾರೋ ಹೊಡೆದದ್ದೆಂದು ಎಣಿಸುತ್ತಿದ್ದಾನೆ. ಒದೆತವನ್ನು ತನ್ನದೆಂದು ಒಪ್ಪಿಕೊಂಡವನಿಗೆ ಅದು ಹಗುರ. ಇದು ಒಳ್ಳೆಯ ಸುದ್ದಿಯೆಂದು ಮೊದಲು ಅನಿಸಿತ್ತು. ಆದರೆ ಇದೇ ಕಳೆಯುವ ಲೆಕ್ಕದ ಇನ್ನೊಂದು ಮುಖ ಭಯಾನಕವಾದದ್ದು. ಎಂಬತ್ತರಲ್ಲೊಂದು ಪಾಲು ಮಾತ್ರ ನಮ್ಮನ್ನು ಮುಟ್ಟುತ್ತದೆ ಎಂದು ಮೇಲೆ ನೋಡಿದೆವು. ಆ ಒಂದು ಪಾಲನ್ನೂ ಮಿದುಳು ಇನ್ನಷ್ಟು ತೇಯ್ದು ಕೊಡುತ್ತದೆ. ನಾವು ಜಗತ್ತಿಗೆ ಏನು ಮಾಡಿದೆವು ಎಂಬುದರ ಬಗ್ಗೆ ನಮ್ಮ ಮೈ ಕೊಡುವ ವರದಿ ಎರಡು ಸಲ ಸೋಸಿ ಬಂದದ್ದು.

ಈ ವರದಿಯನ್ನೂ ಪೂರ್ತಿ ನಿಲ್ಲಿಸಿಬಿಡುವ ಪ್ರಯತ್ನ ನೂರು ವರ್ಷಕ್ಕೂ ಹಳೆಯದು. ಹೈರಂ ಮ್ಯಾಕ್ಸಿಮ್ 1884ರಲ್ಲಿ ಮೆಷಿನ್ ಗನ್ ಮಾಡಿದ. ಬಂದೂಕಿನ ಒದೆತದಿಂದ ಭುಜಕ್ಕೆ ಪೆಟ್ಟಾದಾಗ, ವ್ಯರ್ಥವಾಗುವ ಈ ಬಲದಿಂದಲೇ ಬಂದೂಕನ್ನು ಮರುತುಂಬಿಸಬಾರದೇಕೆ ಎಂದು ಅವನಿಗೆ ಹೊಳೆಯಿತೆಂಬ ಕತೆಯಿದೆ. ಕತೆ ಏನಾದರೂ ಇರಲಿ, ಯಂತ್ರ ಕೆಲಸ ಮಾಡಿದ್ದು ಹಾಗೆಯೇ: ಪ್ರತಿ ಗುಂಡಿನ ಒದೆತ ಮುಂದಿನ ಗುಂಡನ್ನು ಎಳೆದು ತಂದು ಕೂರಿಸುತ್ತಿತ್ತು. ತಡೆಯಬೇಕಾದ ಬಲವೇ ಮುಂದುವರಿಸುವ ಬಲವಾಯಿತು. 1897ರ ಫ್ರೆಂಚ್ 75 ಮಿ.ಮೀ. ಫಿರಂಗಿಯಲ್ಲಿ ನಳಿಗೆ ಮಾತ್ರ ಎಣ್ಣೆ ಮತ್ತು ಗಾಳಿಯ ಒತ್ತಡದ ಮೇಲೆ ಒಂದು ಮೀಟರಿಗೂ ಹೆಚ್ಚು ಹಿಂದೆ ಜಾರಿ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು, ಗಾಡಿ ಅಲುಗುತ್ತಿರಲಿಲ್ಲ. ಅದಕ್ಕೂ ಮುಂಚೆ ಪ್ರತಿ ಈಡಿಗೂ ಫಿರಂಗಿ ಹಿಂದಕ್ಕೆ ಉರುಳುತ್ತಿತ್ತು. ಅದನ್ನು ಮತ್ತೆ ಮುಂದಕ್ಕೆ ತಳ್ಳಿ, ಮತ್ತೆ ಗುರಿ ಕಟ್ಟಬೇಕಿತ್ತು. ಆ ಬಿಡುವು ಹೋಯಿತು. ನಿಮಿಷಕ್ಕೆ ಹದಿನೈದು ಈಡು ಸಾಧ್ಯವಾಯಿತು. ಹದಿನೇಳು ವರ್ಷಗಳ ಮೇಲೆ ಮೊದಲ ಮಹಾಯುದ್ಧದಲ್ಲಿ ಅದು ಏನು ಮಾಡಿತೆಂದು ಎಲ್ಲರಿಗೂ ಗೊತ್ತು. ಇವತ್ತು ಪರದೆಯ ಮುಂದೆ ಕೂತು ದೂರದ ದೇಶದ ಮೇಲೆ ಕ್ಷಿಪಣಿ ಬಿಡುವವನ ಮೈಗೆ ಯಾವ ಒದೆತವೂ ಇಲ್ಲ. ಅವನ ಕುರ್ಚಿ ಕೂಡ ಅಲುಗುವುದಿಲ್ಲ.

ಇದೆಲ್ಲದರ ಎದುರು ನಮ್ಮ ಕೊಡಗಿನ ಕೋವಿ ಹಳೆಯ ಕಾಲದ್ದು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ, 1861ರಿಂದ ಬಂದ ವಿನಾಯಿತಿ ಇವತ್ತಿಗೂ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದಿನ ದಿನ ಕೋವಿಗಳನ್ನು ತೊಳೆದು ಸಾಲಾಗಿಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಒಂದು ಗುಂಡು. ಊರಿಗೆ ಸುದ್ದಿ ಮುಟ್ಟಿಸುವ ಇಂಥ ಈಡುಗಳಲ್ಲಿ ಬರಿಯ ಮದ್ದು ತುಂಬಿ ಹೊಡೆದರೆ ಸದ್ದಿಗೆ ಕೊರತೆಯಿಲ್ಲ, ಒದೆತ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಭಾರವಾದದ್ದೇನನ್ನೂ ಮುಂದಕ್ಕೆ ಎಸೆದಿಲ್ಲವಲ್ಲ, ತಿರುಗಿ ಬರುವುದಕ್ಕೂ ಏನಿಲ್ಲ. ಕೋವಿ ಬಿಟ್ಟ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದವು ಇವೇ.

ಒಂದು ವಿಷಯದಲ್ಲಿ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಮೊದಲ ಸಲ ಕೋವಿ ಮುಟ್ಟುವ ಹುಡುಗಿಗೋ ಹುಡುಗನಿಗೋ ಬೇಕೆಂದೇ ಭಾರಿ ತೋಟಾ ಹಾಕಿ ಕೊಟ್ಟು, ಅವರು ತತ್ತರಿಸಿ ಹಿಂದೆ ಬೀಳುವುದನ್ನು ಮೊಬೈಲಿನಲ್ಲಿ ಹಿಡಿದು ನಗುವ ಚಾಳಿ ಎಲ್ಲ ದೇಶಗಳಲ್ಲೂ ಬೆಳೆದಿದೆ. ತುಂಬಿದ ಕೋವಿ ಹಿಡಿದವರು ಬಿದ್ದರೆ ನಳಿಗೆ ಯಾವ ಕಡೆ ತಿರುಗುತ್ತದೆಂಬ ಅಪಾಯ ಒಂದು ಕಡೆ. ಇನ್ನೊಂದು, ಆ ಒಂದು ಈಡು ಮೈಯಲ್ಲಿ ಬರೆದದ್ದನ್ನು ಅಳಿಸಲು ವರ್ಷಗಳು ಬೇಕು, ಕೆಲವರಲ್ಲಿ ಅಳಿಯುವುದೇ ಇಲ್ಲ. ಕಲಿಯುವವರಿಗೆ ಹಗುರ ಕೋವಿ ಒಳ್ಳೆಯದೆಂದು ಪ್ರೀತಿಯಿಂದಲೇ ತಪ್ಪು ಮಾಡುವವರೂ ಇದ್ದಾರೆ. ಎತ್ತಲು ಸುಲಭ ಎಂದು ಎರಡೂವರೆ ಕೆ.ಜಿ.ಯ ಕೋವಿ ಕೊಟ್ಟರೆ 28 ಗ್ರಾಮಿನ ಅದೇ ತೋಟಾ 27ರ ಬದಲು 34 ಜೂಲ್ ಕೊಡುತ್ತದೆ. ಕೋವಿ ತುಸು ಭಾರವಿರಲಿ, ತೋಟಾ ಹಗುರವಿರಲಿ, 24 ಗ್ರಾಮಿಗಿಂತ ಕಡಿಮೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಬಟ್ ಅವರ ತೋಳಿನ ಅಳತೆಗಿರಲಿ, ಕಿವಿಗೆ ಮುಚ್ಚಿಗೆ ಇರಲಿ, ನಾಲ್ಕಾರು ಈಡಿಗೇ ಆ ದಿನದ್ದು ಮುಗಿಯಲಿ, ಇನ್ನೊಂದು ಹೊಡೆಯಬೇಕು ಎಂಬ ಆಸೆ ಉಳಿದಿರುವಾಗಲೇ.

ಒದೆತ ಬಂದಾಗ ಈಡು ಆಗಲೇ ಹೋಗಿರುತ್ತದೆ ಎಂದೆ. ಇದಕ್ಕೊಂದು ಹೊರತಿದೆ, ಅದು ಎರಡನೆಯ ನಳಿಗೆ. ಟ್ರ್ಯಾಪಿನ ಅರ್ಹತಾ ಸುತ್ತಿನಲ್ಲಿ 125 ತಟ್ಟೆ, ಒಂದೊಂದಕ್ಕೂ ಎರಡು ಈಡಿನ ಅವಕಾಶ. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಸಿಗುವುದು ಅರೆಗಳಿಗೆ. ಆ ಅರೆಗಳಿಗೆಯೊಳಗೆ ಕೋವಿ ಹಿಂದೆ ಬಂದು, ಮೇಲೆದ್ದು, ಭುಜದಲ್ಲಿ ಮತ್ತೆ ಕೂರಬೇಕು, ಕಣ್ಣು ತಟ್ಟೆಯನ್ನು ಬಿಟ್ಟಿರಬಾರದು. 2016ರ ತನಕ ಒಲಿಂಪಿಕ್ಸಿನಲ್ಲಿದ್ದ ಡಬಲ್ ಟ್ರ್ಯಾಪಿನಲ್ಲಂತೂ ಎರಡು ತಟ್ಟೆ ಒಟ್ಟಿಗೇ ಹಾರುತ್ತಿದ್ದವು, ಒಂದಕ್ಕೆ ಒಂದೇ ಈಡು. ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಅಲ್ಲಿ ಮೊದಲ ಒದೆತವನ್ನು ತಡೆಯುವವನು ಸೋಲುತ್ತಾನೆ. ಬಿಗಿಹಿಡಿದ ಮೈ ಕೋವಿಯನ್ನು ಎಲ್ಲೆಲ್ಲಿಗೋ ಚಿಮ್ಮಿಸುತ್ತದೆ. ಅದನ್ನು ಮರೆಯಲು ನೋಡುವವನೂ ಸೋಲುತ್ತಾನೆ, ಏಕೆಂದರೆ ನಳಿಗೆ ಈಗ ಎಲ್ಲಿದೆ ಎಂದು ಹೇಳುವುದೇ ಆ ಒದೆತ. ಮುಂದಿನ ಕಾಲಿನ ಮೇಲೆ ತುಸು ಹೆಚ್ಚು ಭಾರ ಹಾಕಿ, ಮೊಣಕಾಲು ಸಡಿಲಬಿಟ್ಟು, ಕೆನ್ನೆಯನ್ನು ಮರದಿಂದ ಎತ್ತದೆ, ಬಂದದ್ದನ್ನು ಬಂದ ಹಾಗೇ ಮೈಯೊಳಗೆ ಬಿಟ್ಟುಕೊಳ್ಳುವುದನ್ನು ಅವರು ವರ್ಷಗಟ್ಟಲೆ ಕಲಿಯುತ್ತಾರೆ. ಎರಡನೆಯ ತಟ್ಟೆ ಅಷ್ಟರಲ್ಲಿ ಮೂವತ್ತು ಮೀಟರ್ ದಾಟಿರುತ್ತದೆ.